ಚೆಂಡಿಲ್ಲದ ಫೈನಲ್

ನಗರದ ನೀರು ಸರಬರಾಜು ಕಚೇರಿಯ ಹಿಂದುಗಡೆ ತಗಡಿನ ಮಾಡಿನ ಒಂದು ಉದ್ದನೆಯ ಕೋಣೆ. ಮನೆಮನೆಗಳಿಂದ ಕಳಚಿ ತಂದ ನೀರಿನ ಮೀಟರುಗಳನ್ನು ಅಲ್ಲಿ ಸಾಲಾಗಿ ಕೊಳವೆಗೆ ಜೋಡಿಸಿ, ಅಳೆದ ನೀರು ಹಾಯಿಸಿ, ಮುಳ್ಳು ಸರಿಯಾಗಿ ತಿರುಗುತ್ತದೆಯೇ ಎಂದು ನೋಡುತ್ತಾರೆ. ಸರಿಯಿದ್ದರೆ ಸೀಸದ ಮುದ್ರೆ. ಇಲ್ಲದಿದ್ದರೆ ಬಿಚ್ಚುವುದು, ತೊಳೆಯುವುದು, ಮತ್ತೆ ಜೋಡಿಸುವುದು. ಹದಿನೆಂಟು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದವನಿಗೆ ಮನೆಯಲ್ಲಿ ‘ವಿಜ್ಞಾನಿ’ ಎಂಬ ಹೆಸರು. ಇಟ್ಟವಳು ಅಕ್ಕ. ಅದು ಹೊಗಳಿಕೆಯೆಂದೇ ಅವನು ಬಹಳ ಕಾಲ ನಂಬಿಕೊಂಡಿದ್ದ.

ಮನೆಗೆ ಯಾವ ಯಂತ್ರ ಬಂದರೂ ಅದರ ಜೊತೆಗಿನ ಪುಸ್ತಕವನ್ನು ವಿಜ್ಞಾನಿ ಪೂರ್ತಿ ಓದಿ ಮುಗಿಸುವ ತನಕ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಅವನು ಓದಿ, ಬಿಚ್ಚಿ, ‘ಸುಧಾರಿಸಿ’ ಇಟ್ಟ ಮೇಲೆ ಮುಟ್ಟಿದರೂ ಏನೂ ಪ್ರಯೋಜನವಿರುತ್ತಿರಲಿಲ್ಲ. ಇಸ್ತ್ರಿಪೆಟ್ಟಿಗೆ, ಗೋಡೆ ಗಡಿಯಾರ, ಹೆಂಡತಿಯ ಹೊಲಿಗೆ ಯಂತ್ರ, ಎಲ್ಲವೂ ಒಂದಲ್ಲ ಒಂದು ಸಲ ಅವನ ಕೈಗೆ ಸಿಕ್ಕಿ ನರಳಿದ್ದವು. ಈಗ ಅವನೇ ಇದನ್ನೆಲ್ಲ ಹೇಳಿಕೊಂಡು ನಗುತ್ತಾನೆ. ಆಗ ನಗು ಬರುತ್ತಿರಲಿಲ್ಲ. ಆಗ ಅವನು ನಿಜವಾಗಿಯೂ ತಾನು ವಿಜ್ಞಾನಿಯೆಂದುಕೊಂಡಿದ್ದ.

ಅಕ್ಕ ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್. ಅವಳು ವಾರ್ಡಿಗೆ ಕಾಲಿಟ್ಟರೆ ರೋಗಿಗಳಿರಲಿ, ಡಾಕ್ಟರುಗಳೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರಂತೆ. ಆದರೆ ಅವಳ ಬದುಕಿನ ದೊಡ್ಡ ಸಂಗತಿ ಆಸ್ಪತ್ರೆಯದಲ್ಲ. ಇಪ್ಪತ್ತೆಂಟನೇ ವಯಸ್ಸಿನಲ್ಲಿ ಅವಳು ಮಹಿಳೆಯರ ಟೇಬಲ್ ಟೆನಿಸ್ ಪಂದ್ಯಾವಳಿಯ ಫೈನಲ್ ತಲುಪಿದ್ದಳು, ಆ ದಿನ ಟಿವಿಯಲ್ಲಿ ಅದರ ನೇರ ಪ್ರಸಾರವಾಗಿತ್ತು. ಬಂಧುಬಳಗದಲ್ಲೆಲ್ಲ ವಿಸಿಆರ್ ಇದ್ದದ್ದು ಸೋದರಮಾವನ ಮನೆಯಲ್ಲಿ ಮಾತ್ರ. ಮಾವ ಸೆಮಿಫೈನಲ್‌ನಿಂದ ಹಿಡಿದು ಬಹುಮಾನ ಹಂಚುವವರೆಗೆ ಮೂರೂವರೆ ಗಂಟೆ ಬಿಡದೆ ರೆಕಾರ್ಡ್ ಮಾಡಿಟ್ಟಿದ್ದ.

ಆ ಫೈನಲನ್ನು ಅಕ್ಕ ಸೋತಳು. ಆಗ ಗೇಮು ಇಪ್ಪತ್ತೊಂದು ಪಾಯಿಂಟಿಗೆ ಮುಗಿಯುತ್ತಿತ್ತು; ಕೊನೆಯ ಗೇಮು, ಹತ್ತೊಂಬತ್ತಕ್ಕೆ ಇಪ್ಪತ್ತು. ಎದುರಾಳಿ ಎಡಗೈ ಆಟಗಾರ್ತಿ. ಮನೆಯವರ ಬಾಯಲ್ಲಿ ಅವಳಿಗೆ ಅಂದಿನಿಂದ ಎಡಗೈಯವಳು ಎಂದೇ ಹೆಸರು. ಅವಳ ಸರ್ವಿಸಿಗೆ ಅಕ್ಕ ಬ್ಯಾಟು ಬೀಸಿದಳು, ಚೆಂಡು ನೆಟ್ಟಿಗೆ ಬಡಿಯಿತು, ಆಟ ಮುಗಿಯಿತು. ಯಾಕೆ ಹಾಗಾಯಿತು? ಅದಕ್ಕೆ ಮನೆಯಲ್ಲಿ ಒಂದೇ ಉತ್ತರವಿತ್ತು: ಯಾರೋ ದರಿದ್ರ ಫೋಟೋಗ್ರಾಫರ್ ಸರಿಯಾಗಿ ಅದೇ ಕ್ಷಣಕ್ಕೆ ಫ್ಲ್ಯಾಶ್ ಹೊಡೆದ. ಇದನ್ನು ಕಣ್ಣಾರೆ ಕಂಡವನು ವಿಜ್ಞಾನಿ. ಹತ್ತೊಂಬತ್ತು ವರ್ಷದ ಅವನು ಅಂದು ಅಂಗಳದ ಪಕ್ಕದ ಬೆಂಚಿನ ಮೇಲೆ ಅಕ್ಕನ ಕೆಂಪು ಟವೆಲ್ ಹಿಡಿದು ಕೂತಿದ್ದ. ಬೆವರು ಒರೆಸಿಕೊಳ್ಳಲು ಅವಳು ಕೈ ಚಾಚಿದಾಗ ಟವೆಲ್ ಕೊಡುವುದು ಅವನಿಗೆ ವಹಿಸಿದ ಕೆಲಸ.

ಫೋಟೋಗ್ರಾಫರ್ ಮೇಲಿನ ಸಿಟ್ಟನ್ನು ಅವನು ಇಪ್ಪತ್ತೆರಡು ವರ್ಷ ಆರದಂತೆ ಕಾಪಾಡಿಕೊಂಡು ಬಂದಿದ್ದ. ಯಾವ ಸಮಾರಂಭಕ್ಕೆ ಹೋದರೂ ಕ್ಯಾಮೆರಾ ಹಿಡಿದವರನ್ನು ದುರುಗುಟ್ಟಿ ನೋಡುತ್ತಿದ್ದ. ತನ್ನ ಮದುವೆಯಲ್ಲೂ ಫ್ಲ್ಯಾಶ್ ಹಾಕಕೂಡದೆಂದು ಹಟ ಹಿಡಿದ. ಹೀಗಾಗಿ ಅವರ ಆಲ್ಬಮ್ಮಿನಲ್ಲಿ ಹೆಂಡತಿ ಯಾವುದು, ಹಿಂದಿನ ಪರದೆ ಯಾವುದು ಎಂದು ಇವತ್ತಿಗೂ ಬೆರಳಿಟ್ಟು ಹೇಳುವುದು ಕಷ್ಟ.

ಅಕ್ಕನಿಗೆ ಐವತ್ತು ತುಂಬುವ ವರ್ಷ ಬಂತು. ಮಾವನ ಟೇಪು ಕೈಯಿಂದ ಕೈಗೆ ದಾಟಿ ಅಷ್ಟರಲ್ಲಿ ವಿಜ್ಞಾನಿಯ ಬೀರು ಸೇರಿತ್ತು. ಸೋತ ಆಟವನ್ನು ಮತ್ತೆ ಹಾಕಿ ನೋಡಲು ಅಷ್ಟು ವರ್ಷ ಯಾರಿಗೂ ಮನಸ್ಸು ಬಂದಿರಲಿಲ್ಲ. ಅಂಚಿನಲ್ಲಿ ಬೂಷ್ಟಿನ ಬಿಳಿ ಚುಕ್ಕೆ ಕಾಣಿಸಿಕೊಂಡಿತ್ತು. ಇದನ್ನು ಡಿವಿಡಿ ಮಾಡಿ ಅಕ್ಕನಿಗೆ ಕೊಟ್ಟರೆ ಹೇಗೆ ಎಂದು ಹೆಂಡತಿ ಒಂದು ಮಾತು ಆಡಿದ್ದೇ ತಪ್ಪಾಯಿತು. ಮರುದಿನವೇ ಅವನು ಕಂಪ್ಯೂಟರಿಗೆ ಹಾಕುವ ಟಿವಿ ಕಾರ್ಡೊಂದನ್ನು ತಂದ. ಅದರ ಪುಸ್ತಕವನ್ನು ಕಚೇರಿಗೂ ಒಯ್ದು, ಮೀಟರುಗಳಿಗೆ ನೀರು ಹಾಯುತ್ತಿರುವಾಗ ಓದಿದ.

“ಬೀದಿ ಕೊನೇಲಿ ಸ್ಟುಡಿಯೋದಾಕೆ ಇದಾರಲ್ಲ, ಅವರಿಗೆ ಕೊಟ್ರೆ ಮಾಡಿಕೊಡ್ತಾರಂತೆ,” ಎಂದಳು ಹೆಂಡತಿ.

“ಕ್ಯಾಮೆರಾದವರ ಕೈಗೆ ಆ ಟೇಪಾ? ನೀನೇ ಹೇಳ್ತಿದೀಯಾ ಈ ಮಾತು?” ಎಂದು ಅವನು ಎದೆಗೆ ಕೈಯಿಟ್ಟುಕೊಂಡ.

ಭಾನುವಾರ ಬೆಳಗ್ಗೆ ಮಾವನ ಮನೆಯಿಂದ ತಂದ ಹಳೇ ವಿಸಿಆರ್ ಅನ್ನು ಕಂಪ್ಯೂಟರಿಗೆ ಜೋಡಿಸಿ ಕೂತಾಗ ಪರದೆಯ ಮೇಲೆ ಒಂದು ಪಟ್ಟಿ ತೆರೆದುಕೊಂಡಿತು. ಚಿತ್ರದ ಅಳತೆ ಎಷ್ಟಿರಬೇಕು? ಅಗಲಕ್ಕೆ ಎಷ್ಟು ಚುಕ್ಕೆ, ಎತ್ತರಕ್ಕೆ ಎಷ್ಟು ಗೆರೆ? ಹತ್ತು ಹನ್ನೆರಡು ಜೋಡಿ ಸಂಖ್ಯೆಗಳಿದ್ದವು. ಎಲ್ಲಕ್ಕಿಂತ ಕೆಳಗಿದ್ದದ್ದು ಎಲ್ಲಕ್ಕಿಂತ ದೊಡ್ಡದು: ಏಳುನೂರ ಅರವತ್ತೆಂಟಕ್ಕೆ ಐನೂರ ಎಪ್ಪತ್ತಾರು. ಅವನು ಒಂದು ಕ್ಷಣವೂ ಯೋಚಿಸದೆ ಅದನ್ನೇ ಒತ್ತಿದ.

“ಎಲ್ಲಾದಕ್ಕಿಂತ ದೊಡ್ಡದೇ ಬೇಕಾ?” ಎಂದಳು ಹೆಂಡತಿ.

“ಅಕ್ಕನಿಗೆ ಕೊಡೋದು ಕಣೇ. ಚಿಕ್ಕದು ಕೊಡೋಕಾಗುತ್ತಾ?”

“ಟೇಪಿನಲ್ಲಿ ಅಷ್ಟೆಲ್ಲ ಇರುತ್ತಾ ಅಂತ ಕೇಳಿದೆ.”

ಅವನು, ತಾಂತ್ರಿಕ ವಿಷಯಗಳನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಚರ್ಚಿಸಬಾರದು ಎಂಬರ್ಥದ ಒಂದು ಮುಖ ಮಾಡಿದ. ಆ ಮುಖವನ್ನು ಹೆಂಡತಿ ಈಗಲೂ ನೆಂಟರ ಮುಂದೆ ಮಾಡಿ ತೋರಿಸುತ್ತಾಳೆ.

ಮೂರೂವರೆ ಗಂಟೆ ಟೇಪು ಓಡಿತು. ಕಂಪ್ಯೂಟರು ಏದುಸಿರು ಬಿಟ್ಟಿತು. ಅಷ್ಟು ದೊಡ್ಡ ಚಿತ್ರವನ್ನು ಹಿಡಿಯಲಾರದೆ ನಡುನಡುವೆ ಕೆಲವನ್ನು ಕೈಬಿಟ್ಟಿತು. ಬಳಿಕ ಡಿವಿಡಿ ಮಾಡುವ ಸಾಫ್ಟ್‌ವೇರು ಈ ಅಳತೆ ತನಗೆ ಒಗ್ಗದೆಂದು ಮುನಿಸಿಕೊಂಡು, ಎಲ್ಲವನ್ನೂ ತನ್ನಿಷ್ಟದಂತೆ ಹಿಸುಕಿ, ಮೂರೂವರೆ ಗಂಟೆಯನ್ನು ಒಂದೇ ಡಿಸ್ಕಿಗೆ ತುರುಕಿತು. ಟಿವಿಯಲ್ಲಿ ಹಾಕಿ ನೋಡಿದರೆ ಆಟಗಾರ್ತಿಯರು ಒಂದಿಷ್ಟು ಅಲುಗಾಡಿದರೂ ಸಾಕು, ಮುಖ ಮೈಯೆಲ್ಲ ಚೌಕ ಚೌಕವಾಗಿ ಒಡೆದು ಹೋಗುತ್ತಿದ್ದವು. ಸ್ನಾನದ ಮನೆಯ ನೆಲದ ಬಿಲ್ಲೆಗಳಿಗೆ ಕೈಕಾಲು ಬಂದು ಟೇಬಲ್ ಟೆನಿಸ್ ಆಡುತ್ತಿರುವಂತಿತ್ತು. ಸದ್ದು ಬೇರೆ ಮುಂದೆ ಮುಂದೆ ಓಡುತ್ತಿತ್ತು. ಚೆಂಡು ಬ್ಯಾಟಿಗೆ ತಾಗುವ ಮೊದಲೇ ಟಕ್ ಎನ್ನುತ್ತಿತ್ತು.

ಅವನ ಮುಖ ಪೆಚ್ಚಾಯಿತು. ಆದರೆ ಪೆಚ್ಚಾದ ಮುಖವನ್ನು ಹೆಂಡತಿಗೆ ತೋರಿಸುವಂತಿಲ್ಲ. ಮುಂದಿನ ಭಾನುವಾರ ಅವನು ಪೂರ್ತಿ ಆ ಬದಿಯಿಂದ ಈ ಬದಿಗೆ ಜಿಗಿದ. ಡಿವಿಡಿಗೆ ಒಗ್ಗುವ ಅಳತೆಗಳ ಪಟ್ಟಿಯನ್ನು ಪುಸ್ತಕದಲ್ಲಿ ಹುಡುಕಿ, ಅದರಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು ಆರಿಸಿದ: ಮುನ್ನೂರ ಐವತ್ತೆರಡಕ್ಕೆ ಇನ್ನೂರ ಎಂಬತ್ತೆಂಟು. ಕಂಪ್ಯೂಟರು ಈ ಸಲ ಒಂದೂ ಚಿತ್ರ ಬಿಡಲಿಲ್ಲ. ಡಿಸ್ಕಿನಲ್ಲಿ ಬೇಕಾದಷ್ಟು ಜಾಗ ಉಳಿಯಿತು. ಮುಖಗಳು ಒಡೆಯಲಿಲ್ಲ. ಸ್ವಲ್ಪ ಮಸುಕು, ಅಷ್ಟೆ. ಪ್ರೇಕ್ಷಕರ ಸಾಲಿನ ಮುಂದೆ ಒಂದೆಡೆ ಕೆಂಪು ಕಲೆಯೊಂದು ಅಲುಗುತ್ತಿತ್ತು. ಹಳೇ ಟೇಪಿನ ಬಣ್ಣ ಸೋರಿದೆ ಎಂದು ಅವನೇ ತೀರ್ಪು ಕೊಟ್ಟುಕೊಂಡು, ತನ್ನ ಬೆನ್ನು ತಾನೇ ತಟ್ಟಿಕೊಂಡ.

ಅದೇ ಸಂಜೆ ಅಕ್ಕ ಯಾವುದೋ ಕೆಲಸಕ್ಕೆ ಬಂದಳು. ಗುಟ್ಟು ಹೊಟ್ಟೆಯಲ್ಲಿ ನಿಲ್ಲದೆ ಅವನು ಡಿಸ್ಕು ಹಾಕಿಯೇಬಿಟ್ಟ. ಅಕ್ಕ ಕುರ್ಚಿಯ ತುದಿಯಲ್ಲಿ ಕೂತಳು. ಸೆಮಿಫೈನಲಿನ ಮೊದಲ ಗೇಮು. ಎರಡು ನಿಮಿಷ, ಮೂರು ನಿಮಿಷ. ಅವಳು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದಳು.

“ಲೋ, ಚೆಂಡೆಲ್ಲೋ?”

“ಇದೆ ಅಕ್ಕ. ಸ್ವಲ್ಪ ಗಮನ ಇಟ್ಟು ನೋಡು.”

“ಎಲ್ಲಿದೆ? ಅಗೋ, ಒಂದ್ಸಲ ಕಾಣಿಸ್ತು. ಮತ್ತೆ ಹೋಯ್ತು. ಇಬ್ಬರೂ ಬರೀ ಗಾಳಿಗೆ ಕೈ ಬೀಸ್ತಿದೀವಿ. ಏನು, ನಾನು ಅವತ್ತು ಟಿವಿಯಲ್ಲಿ ಸೊಳ್ಳೆ ಹೊಡೆಯೋಕೆ ಹೋಗಿದ್ನಾ?”

ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ಅಕ್ಕ ಹೊರಡುವಾಗ ಅವನ ಭುಜ ತಟ್ಟಿ, “ಪರವಾಗಿಲ್ಲ ಬಿಡೋ ವಿಜ್ಞಾನಿ, ನೀನು ಮೀಟರೇ ನೋಡ್ಕೋ,” ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಕಚೇರಿಯಿಂದ ಬರುತ್ತಾ ಅವನು ಬಾಲ ಮುದುರಿಕೊಂಡು ಸ್ಟುಡಿಯೋದ ಮೆಟ್ಟಿಲು ಹತ್ತಿದ. ಒಳಗೆ ಎರಡು ಟಿವಿ, ಟೇಪುಗಳ ರಾಶಿ, ಮೂಲೆಯಲ್ಲಿ ಮಡಚಿಟ್ಟ ದೀಪದ ಕಾಲುಗಳು. ಸ್ಟುಡಿಯೋದಾಕೆಗೆ ಮೂವತ್ತರ ಆಸುಪಾಸು. ಕತ್ತರಿಸಬೇಕಾದ ಯಾವುದೋ ಸಮಾರಂಭದ ವಿಡಿಯೋ ನಿಲ್ಲಿಸಿ ಅವನ ಎರಡೂ ಡಿಸ್ಕು ಹಾಕಿ ನೋಡಿದಳು. ನಗದಿರಲು ಅವಳು ಪಟ್ಟ ಪ್ರಯತ್ನವನ್ನು ಅವನು ಗಮನಿಸಿದ.

“ಸರ್, ಮೊದಲನೇ ಸಲ ಯಾಕೆ ಅಷ್ಟು ದೊಡ್ಡದು ತಗೊಂಡ್ರಿ?”

“ಜಾಸ್ತಿ ಚುಕ್ಕೆ ಇದ್ರೆ ಜಾಸ್ತಿ ಸ್ಪಷ್ಟ ಅಲ್ವಾ?”

“ಟೇಪಿನಲ್ಲಿ ಇದ್ರೆ ತಾನೆ ಸರ್ ಬರೋದು? ಮನೆಯಲ್ಲಿ ರೆಕಾರ್ಡ್ ಮಾಡಿದ ಟೇಪು, ಅಗಲದಲ್ಲಿ ಇರೋ ವಿವರವೇ ಅದರ ಅರ್ಧಕ್ಕಿಂತ ಕಡಿಮೆ. ನೀವು ದುಪ್ಪಟ್ಟು ಅಳತೆ ಹಿಡಿದು ಇಲ್ಲದ್ದನ್ನೆಲ್ಲ ತುಂಬಿಸಿದ್ರಿ. ಆಮೇಲೆ ಡಿಸ್ಕಿನಲ್ಲಿ ಜಾಗ ಸಾಲದೆ ಎಲ್ಲ ಒಡೆದುಹೋಯ್ತು.”

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ್ದೂ ಇದನ್ನೇ ಎಂಬುದು ಅವನಿಗೆ ನೆನಪಾಗದೆ ಇರಲಿಲ್ಲ.

“ಸರಿ, ಅದಕ್ಕೇ ಚಿಕ್ಕದು ಮಾಡಿದೆನಲ್ಲ. ಚೆಂಡು ಯಾಕೆ ಮಾಯ ಆಯ್ತು?”

ಅವಳು ಒಂದು ಹಾಳೆ ತೆಗೆದು ಅಡ್ಡ ಗೆರೆಗಳನ್ನು ಎಳೆದಳು. “ಟಿವಿ ಚಿತ್ರ ಒಂದೇ ಸಲಕ್ಕೆ ಬರಲ್ಲ ಸರ್. ಮೊದಲು ಒಂದು, ಮೂರು, ಐದನೇ ಗೆರೆಗಳು. ಆಮೇಲೆ ಎರಡು, ನಾಲ್ಕು, ಆರು. ಎರಡು ಕಂತು ಸೇರಿದ್ರೆ ಒಂದು ಚಿತ್ರ. ಎರಡರ ಮಧ್ಯೆ ಚೂರು ಸಮಯ ಇರುತ್ತೆ, ಅಷ್ಟರಲ್ಲಿ ಚೆಂಡು ಮುಂದಕ್ಕೆ ಹೋಗಿರುತ್ತೆ. ನೀವು ಎತ್ತರದಲ್ಲಿ ಅರ್ಧ ಮಾಡಿದ್ರಿ ನೋಡಿ, ಒಂದು ಕಂತು ಪೂರ್ತಿ ಎಸೆದುಬಿಟ್ರಿ. ಅರ್ಧ ಆಟ ಕಸಕ್ಕೆ ಹೋಯ್ತು. ಉಳಿದದ್ದರಲ್ಲಿ ಅಷ್ಟು ಚಿಕ್ಕ ಚೆಂಡು ಮಸುಕಿನಲ್ಲಿ ಕರಗಿಹೋಯ್ತು.”

“ಹಾಗಾದ್ರೆ?”

“ಅಗಲ ಅರ್ಧ ಮಾಡಿ, ಎತ್ತರ ಮುಟ್ಟಬೇಡಿ. ಮುನ್ನೂರ ಐವತ್ತೆರಡಕ್ಕೆ ಐನೂರ ಎಪ್ಪತ್ತಾರು. ಡಿವಿಡಿಗೂ ಒಪ್ಪುತ್ತೆ, ಒಂದೇ ಡಿಸ್ಕಿಗೂ ಹಿಡಿಸುತ್ತೆ.”

ಪಟ್ಟಿಯಲ್ಲಿ ಆ ಅಳತೆಯನ್ನು ಅವನು ಕಂಡಿದ್ದ. ಇಷ್ಟು ಸೊಟ್ಟಗಿನ ಅಳತೆ ಯಾರಿಗೆ ಬೇಕು, ಅಚ್ಚು ತಪ್ಪಿರಬೇಕು ಎಂದುಕೊಂಡು ಪೆನ್ಸಿಲಿನಲ್ಲಿ ಪಕ್ಕಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆ ಬೇರೆ ಹಾಕಿದ್ದ. ಅದನ್ನು ಅವಳಿಗೆ ಹೇಳಲಿಲ್ಲ. ಫ್ಲ್ಯಾಶ್ ಹೊಡೆಯುವವರ ಬಗ್ಗೆ ಏನೂ ಹೇಳದೆ, ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ಒಬ್ಬ ಫೋಟೋಗ್ರಾಫರಿಗೆ ಕೈ ಮುಗಿದು ಮೆಟ್ಟಿಲಿಳಿದ.

ಮೂರನೇ ಭಾನುವಾರ. ಹೆಂಡತಿ ತನ್ನ ತಂಗಿಯ ಮನೆಗೆ ಹೋಗಿದ್ದಳು. ಟೇಪು ಈ ಸಲವೂ ತಾಳಿಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಡಿಸ್ಕು ಸಿದ್ಧವಾಗಿ, ಕಿಟಕಿಯ ಪರದೆ ಎಳೆದು ಅವನು ಒಬ್ಬನೇ ಟಿವಿಯ ಮುಂದೆ ಕೂತ. ಚೆಂಡಿತ್ತು. ಬೆಳ್ಳಗೆ, ದುಂಡಗೆ, ಆ ತುದಿಯಿಂದ ಈ ತುದಿಗೆ ನೀರು ಕುಡಿದಷ್ಟು ಸಲೀಸಾಗಿ ಓಡಾಡುತ್ತಿತ್ತು. ಅಕ್ಕ ಎಷ್ಟು ಚುರುಕಾಗಿದ್ದಳು! ಅಮ್ಮ ಎರಡನೇ ಸಾಲಿನಲ್ಲಿ ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತದ್ದೂ ಕಂಡಿತು. ಅಮ್ಮ ಹೋಗಿ ಆರು ವರ್ಷವಾಗಿತ್ತು. ಅವನು ಡಿಸ್ಕನ್ನು ಹಿಂದಕ್ಕೆ ಬಿಟ್ಟು ಅಮ್ಮನನ್ನು ಇನ್ನೊಮ್ಮೆ ನೋಡಿದ. ಆಮೇಲೆ ಮುಂದಕ್ಕೆ ಬಿಟ್ಟ.

ಕೊನೆಯ ಗೇಮು. ಹತ್ತೊಂಬತ್ತಕ್ಕೆ ಇಪ್ಪತ್ತು. ಎಡಗೈಯವಳು ಚೆಂಡನ್ನು ಅಂಗೈ ಮೇಲಿಟ್ಟಳು. ಈಗ ಫ್ಲ್ಯಾಶ್ ಬರುತ್ತದೆ ಎಂದು ಅವನು ಮೈಯೆಲ್ಲ ಕಣ್ಣಾಗಿ ಕಾದ.

ಫ್ಲ್ಯಾಶ್ ಬರಲಿಲ್ಲ. ಬಂದದ್ದು ಕೆಂಪು ಟವೆಲ್. ಅಂಗಳದ ಪಕ್ಕದ ಬೆಂಚಿನ ಮೇಲೆ ಕಡ್ಡಿಯಂಥ ಯುವಕನೊಬ್ಬ ಎದ್ದು ನಿಂತಿದ್ದ. ಬೆಂಚಿನ ಪಕ್ಕದಲ್ಲಲ್ಲ, ಬೆಂಚಿನ ಮೇಲೆಯೇ. ಸರ್ವಿಸು ಆಗುತ್ತಿದ್ದಂತೆ ಎರಡೂ ಕೈ ಮೇಲೆತ್ತಿ ಟವೆಲನ್ನು ಬಾವುಟದ ಹಾಗೆ ಬೀಸಿದ. ಅಕ್ಕನ ತಲೆ ಒಂದಿಷ್ಟು ಅತ್ತ ತಿರುಗಿತು. ಚೆಂಡು ನೆಟ್ಟಿಗೆ ಬಡಿಯಿತು. ಬೆಂಚು ವಾಲಿ ಯುವಕ ಪರದೆಯಿಂದ ಕೆಳಗೆ ಮಾಯವಾದ.

ವಿಜ್ಞಾನಿ ಹಿಂದಕ್ಕೆ ಹೋಗಿ ಮತ್ತೆ ನೋಡಿದ. ಹತ್ತು ಸಲ ನೋಡಿರಬೇಕು. ಹತ್ತು ಸಲವೂ ಆ ಬೆಪ್ಪುತಕ್ಕಡಿ ಬೆಂಚು ಹತ್ತಿದ. ಅವನಿಗೆ ಆ ದಿನದ ನೆನಪು ಚೆನ್ನಾಗಿಯೇ ಇತ್ತು. ಆ ನೆನಪಿನಲ್ಲಿ ತಾನು ಉಸಿರು ಬಿಗಿಹಿಡಿದು, ಕಲ್ಲಿನಂತೆ ಕೂತಿದ್ದ. ಫ್ಲ್ಯಾಶ್ ಎಲ್ಲಿಂದ ಬಂತು? ಬಿದ್ದಾಗ ತಲೆ ನೆಲಕ್ಕೆ ಬಡಿದು ಕಣ್ಣ ಮುಂದೆ ಮಿಂಚಿದ್ದೇ ಫ್ಲ್ಯಾಶೇನೋ.

ಹೆಂಡತಿ ಬಂದಾಗ ಅವನು ಇನ್ನೂ ಹಾಗೇ ಕೂತಿದ್ದ. ಅವಳೂ ನೋಡಿದಳು. ಮೊದಲು ಅವನನ್ನು, ಆಮೇಲೆ ಗೋಡೆಯ ಮೇಲಿದ್ದ ಕತ್ತಲೆಯ ಮದುವೆ ಫೋಟೋವನ್ನು, ಮತ್ತೆ ಅವನನ್ನು.

“ಇದಕ್ಕೋಸ್ಕರ ನನ್ನ ಮದುವೆ ಫೋಟೋ ಎಲ್ಲ ಕಪ್ಪಗಾಯ್ತಾ ರೀ?”

“ಆ ಇನ್ನೊಂದು ಡಿಸ್ಕೇ ಕೊಟ್ಟುಬಿಡೋಣ. ಚೆಂಡಿಲ್ಲದ್ದು. ಅದರಲ್ಲಿ ಟವೆಲ್ಲೂ ಕಾಣಲ್ಲ.”

“ಅಕ್ಕನಿಗೆ ಐವತ್ತು ವರ್ಷಕ್ಕೆ ಸೊಳ್ಳೆ ಆಟ ಕೊಡ್ತೀರಾ? ಕೊಡಿ. ನಾನಂತೂ ಬಾಯಿ ಮುಚ್ಕೊಂಡು ಇರಲ್ಲ.”

ಬುಧವಾರ ಸಂಜೆ ಅವನು ಸರಿಯಾದ ಡಿಸ್ಕನ್ನೇ ಹಿಡಿದು ಅಕ್ಕನ ಮನೆಗೆ ಹೋದ. ಆ ನಡುವೆ ಕಚೇರಿಯಲ್ಲಿ ಪರೀಕ್ಷೆಗೆ ಬಂದ ಒಂದು ಮೀಟರಿಗೆ ನೀರು ಬಿಡುವುದನ್ನೇ ಮರೆತು, ಮುಳ್ಳು ತಿರುಗುತ್ತಿಲ್ಲವೆಂದು ಬಿಚ್ಚಿಯೂ ಹಾಕಿದ್ದ. ಅಕ್ಕ ಕೆಲಸದ ಸೀರೆಯಲ್ಲೇ ಕೂತು ನೋಡಿದಳು. ಚೆಂಡು ಕಂಡು ಖುಷಿಪಟ್ಟಳು, ಅಮ್ಮನನ್ನು ಕಂಡು ಕಣ್ಣೊರೆಸಿಕೊಂಡಳು. ಕೊನೆಯ ಪಾಯಿಂಟು ಬಂತು. ಅವಳು ರಿಮೋಟ್ ಒತ್ತಿ ನಿಲ್ಲಿಸಿದಳು. ವಾರ್ಡಿನ ದನಿ ಹೊರಟಿತು.

“ಈ ಟವೆಲ್ ಯಾರದು?”

“ನಿಂದೇ ಅಕ್ಕ.”

“ಹಿಡ್ಕೊಂಡಿರೋ ಕೈ?”

“ಅದು... ನಂದು.”

ಅವನು ನೆಲದ ಹಾಸುಗಲ್ಲುಗಳನ್ನು ಎಣಿಸಿದ. ಕೊನೆಗೆ ಅವಳು, “ಆ ಫೋಟೋಗ್ರಾಫರ್ ಪಾಪ, ಇಷ್ಟು ವರ್ಷ ಎಷ್ಟು ಬೈಸ್ಕೊಂಡನಲ್ಲೋ,” ಎಂದಳು. ಅಷ್ಟು ಹೇಳಿ ಟೆಲಿಫೋನ್ ಪುಸ್ತಕ ತೆಗೆದು ಯಾರದೋ ನಂಬರು ಹುಡುಕತೊಡಗಿದಳು. ಅವನು ಏನಾದರೂ ಕೇಳುವ ಮೊದಲೇ, “ನೀನು ಹೋಗು. ಭಾನುವಾರ ನಿಮ್ಮನೆಗೆ ಬರ್ತೀನಿ. ಕಂಪ್ಯೂಟರ್ ತಯಾರಾಗಿಟ್ಟಿರು,” ಎಂದಳು.

ಭಾನುವಾರ ಅಕ್ಕ ಒಬ್ಬಳೇ ಬರಲಿಲ್ಲ. ಜೊತೆಗೆ ಬಂದವಳು ಎಡಗೈಯವಳು! ಈಗ ಅವಳದೊಂದು ಡ್ರೈವಿಂಗ್ ಸ್ಕೂಲು. ದಪ್ಪಗಾಗಿದ್ದಳು, ಕೂದಲು ಮೋಟಾಗಿ ಕತ್ತರಿಸಿದ್ದಳು, ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಇವರೇನಾ ಟವೆಲ್?”

“ಇವನೇ,” ಎಂದಳು ಅಕ್ಕ.

ಅವನು ಕೊನೆಯ ಪಾಯಿಂಟನ್ನು ಹಾಕಿ ತೋರಿಸಿದ. ಎಡಗೈಯವಳ ಮುಖ ಕೆಂಪಗಾಯಿತು. ಅವನು ಕ್ಷಮೆ ಕೇಳಲು ಬಾಯಿ ತೆರೆದ. ಅವಳು ಅವನತ್ತ ತಿರುಗಿಯೂ ನೋಡದೆ ಅಕ್ಕನ ಮೇಲೆ ಹರಿಹಾಯ್ದಳು.

“ಅಂದ್ರೆ ಏನು ನಿನ್ನ ಮಾತು? ನಾನು ಗೆದ್ದಿದ್ದು ಇವರ ಟವೆಲ್‌ನಿಂದ ಅಂತಾನಾ? ಆ ಸರ್ವಿಸು ಒಂದು ವರ್ಷ ಗೋಡೆಗೆ ಹೊಡೆದು ಕಲ್ತಿದ್ದು ಕಣೇ! ಕಾರು ಕಲಿಯೋಕೆ ಬಂದವರಿಗೆಲ್ಲ ಈ ಕತೆ ಹೇಳ್ತೀನಿ ನಾನು!”

“ನನ್ನ ತಲೆ ತಿರುಗಿದ್ದು ಕಾಣಿಸ್ತಿಲ್ವಾ ನಿಂಗೆ?”

“ತಲೆ ಬಿಡು, ಕೈ ನೋಡು! ರೀ, ನೀವು, ಟವೆಲ್ ಅವರೇ, ಸ್ವಲ್ಪ ಹಿಂದಕ್ಕೆ ತಗೊಂಡು ಒಂದೊಂದೇ ಚಿತ್ರ ಬಿಡಿ.”

ಅವನು ಒಂದೊಂದೇ ಚಿತ್ರ ಸರಿಸಿದ. ಇಬ್ಬರೂ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು ಕೂತರು. ಚೆಂಡು ಎಡಗೈಯಿಂದ ಹೊರಟಿತು. ಮೇಜಿಗೆ ತಾಗಿತು. ಅಕ್ಕನ ಬ್ಯಾಟು ಬಲಕ್ಕೆ ಹೊರಳಿತು. ಚೆಂಡು ಎಡಕ್ಕೆ ತಿರುಗಿತು. “ನಿಲ್ಲಿಸಿ!” ಎಂದಳು ಎಡಗೈಯವಳು. “ಈಗ ಹೇಳಿ, ಟವೆಲ್ ಎಲ್ಲಿದೆ?”

ಟವೆಲ್ ಇನ್ನೂ ಕೆಳಗಿತ್ತು. ಯುವಕ ಬೆಂಚಿನ ಮೇಲೆ ನಿಂತಿದ್ದ, ಆದರೆ ಕೈ ಮೇಲೆತ್ತಿರಲಿಲ್ಲ. ಅಕ್ಕನ ಕಣ್ಣು ಚೆಂಡಿನ ಮೇಲೆಯೇ ಇತ್ತು. ಬ್ಯಾಟು ಮಾತ್ರ ಆಗಲೇ ತಪ್ಪು ದಿಕ್ಕಿಗೆ ಹೋಗಿಯಾಗಿತ್ತು. ಅವನು ಇನ್ನೂ ಮೂರು ಚಿತ್ರ ಮುಂದಕ್ಕೆ ಸರಿಸಿದ. ಆಮೇಲೆ ಟವೆಲ್ ಎದ್ದಿತು. ಅಕ್ಕನ ತಲೆ ತಿರುಗಿತು. ಅಷ್ಟರಲ್ಲಿ ಬ್ಯಾಟಿನ ಅಂಚಿಗೆ ಮಾತ್ರ ತಾಗಿದ ಚೆಂಡು ನೆಟ್ಟಿನತ್ತ ಹೊರಟಾಗಿತ್ತು, ಆಟ ಮುಗಿದೇ ಹೋಗಿತ್ತು.

ಅಕ್ಕ ಅದನ್ನೇ ಮತ್ತೆ ನಾಲ್ಕು ಸಲ ಹಾಕಿಸಿದಳು. ನಾಲ್ಕನೇ ಸಲ ಹಿಂದಕ್ಕೆ ಒರಗಿ, “ಹೌದು ಕಣೇ. ನಾನೇ ಮೋಸ ಹೋದೆ. ಒಳ್ಳೇ ಸರ್ವಿಸು ಅದು,” ಎಂದಳು. ಅವಳ ಮುಖದಲ್ಲಿ ಬೇಸರವೇನೂ ಇರಲಿಲ್ಲ. ಎಡಗೈಯವಳಂತೂ ಆಗಷ್ಟೇ ಕಪ್ ಗೆದ್ದವಳ ಹಾಗೆ ಸೆರಗು ಸರಿಪಡಿಸಿಕೊಂಡಳು.

“ಹಾಗಾದ್ರೆ ನಾನು?” ಎಂದ ವಿಜ್ಞಾನಿ.

“ನೀನೇನು?”

“ನನ್ನಿಂದ ಏನೂ ಆಗಲಿಲ್ವಾ?”

“ಬೆಂಚಿನಿಂದ ಬಿದ್ಯಲ್ಲ, ಅದು ಆಯ್ತು,” ಎಂದಳು ಅಕ್ಕ.

ಒಂದು ವಾರ ಪೂರ್ತಿ ಅವನು ಅಕ್ಕನ ಬದುಕು ಹಾಳು ಮಾಡಿದ ಪಾಪಿಯಾಗಿದ್ದ. ಊಟ ಬಿಟ್ಟಿದ್ದ, ನಿದ್ದೆ ಬಿಟ್ಟಿದ್ದ. ಈಗ ಆ ಪದವಿಯೂ ಕೈಬಿಟ್ಟಿತು. ಹಗುರಾಗಬೇಕಿತ್ತು, ಆದರೆ ನಿಜ ಹೇಳಬೇಕೆಂದರೆ ಒಳಗೊಳಗೇ ಕೊಂಚ ಅವಮಾನವೂ ಆಯಿತು. ತನ್ನ ಟವೆಲ್ಲಿಗೆ ಅಷ್ಟೂ ಬೆಲೆಯಿಲ್ಲವೇ? ಈ ಮಾತನ್ನು ಹೆಂಡತಿಯ ಕಿವಿಯಲ್ಲಿ ಹೇಳಿದಾಗ ಅವಳು, “ಹೋಗಿ ಅವರಿಬ್ಬರಿಗೂ ಟೀ ಕೊಡಿ,” ಎಂದು ಲೋಟ ಕೈಗಿತ್ತಳು.

ಟೀ ಕುಡಿಯುತ್ತಾ ಅಕ್ಕ ಆ ಸರ್ವಿಸನ್ನು ಈಗಲೂ ಹಾಕಬಲ್ಲೆಯಾ ಎಂದು ಕೇಳಿದಳು. ಎಡಗೈಯವಳು ನಿಂಬೆಹಣ್ಣೊಂದನ್ನು ತರಿಸಿ, ಕೈಯಲ್ಲಿದ್ದ ತಟ್ಟೆಯಿಂದಲೇ ಹೊಡೆದು ತೋರಿಸಲು ಹೊರಟಳು. ಆಸ್ಪತ್ರೆಯ ನೌಕರರ ಕೋಣೆಯಲ್ಲಿ ಒಂದು ಹಳೇ ಮೇಜಿದೆ, ನೆಟ್ಟು ಮಾತ್ರ ಹರಿದಿದೆ ಎಂದಳು ಅಕ್ಕ. ಅಂದಿನಿಂದ ಪ್ರತಿ ಶನಿವಾರ ಮಧ್ಯಾಹ್ನ ಇಬ್ಬರೂ ಅಲ್ಲಿ ಆಡುತ್ತಾರೆ. ಹೊಸ ನೆಟ್ಟು ಹೊಲಿದುಕೊಟ್ಟವಳು ವಿಜ್ಞಾನಿಯ ಹೆಂಡತಿ. ಚೆಂಡು ಬೀರುವಿನ ಕೆಳಗೆ ಉರುಳಿದಾಗ ಹೊಟ್ಟೆಯ ಮೇಲೆ ಮಲಗಿ, ಕೋಲಿನಿಂದ ಎಳೆದು ತೆಗೆಯುವವನು ಅವನು. ಅವನಿಗೆ ಸ್ಕೋರು ಹೇಳಲು ಬಿಡುವುದಿಲ್ಲ. ಒಂದು ದಿನ ಬಿಟ್ಟಿದ್ದರು. ಹನ್ನೆರಡರಿಂದ ನೇರ ಹದಿನಾಲ್ಕಕ್ಕೆ ಹೋದ. ಇಬ್ಬರೂ ಒಟ್ಟಿಗೆ ಬ್ಯಾಟು ಎತ್ತಿಕೊಂಡು ಅವನ ಕಡೆ ತಿರುಗಿದರು.